ಯಂತ್ರದೋಣಿಯ ಒಡೆಯನಿಗೆ ಸಂಘದ ಸದಸ್ಯತ್ವ ಲಾಭದಾಯಕವೇ?

ಸಂಘಸಂಸ್ಥೆಗಳಿಗೆ ಪ್ರತಿವರ್ಷವೂ ಚಂದಾ ತೆರುವ ಗೃಹಸ್ಥನ ಮನಸ್ಸಿನಲ್ಲಿ ಒಂದಲ್ಲ ಒಂದು ದಿನ ಏಳುವ ಪ್ರಶ್ನೆಯೊಂದಿದೆ. 'ಇದರಿಂದ ದೊರೆಯುವ ಪ್ರಯೋಜನವೇನು?' ಎಂಬುದೇ ಅದು. ಊರು ಬಿಟ್ಟು ಬಂದು ನೆಲಸಿದ ಕನ್ನಡಿಗರ ಸಂಘಗಳೂ ಈ ಪ್ರಶ್ನೆಯನ್ನು ಎದುರಿಸಿಯೇ ಬೆಳೆದಿವೆ. ನೆಲದ ಮೇಲೆ ವಾಸಿಸುವವರಿಗೆ ಇದು ಕೆಲವು ನೂರು ರೂಪಾಯಿಗಳ ಲೆಕ್ಕಾಚಾರವಾದರೆ, ನೀರಿನ ಮೇಲೆ ದೋಣಿ ನಡೆಸುವವರಿಗೆ ಕೆಲವೊಮ್ಮೆ ಪ್ರಾಣದ ಲೆಕ್ಕಾಚಾರವಾಗಿ ಪರಿಣಮಿಸುತ್ತದೆ. ಮೋಟಾರು ದೋಣಿ ಇಟ್ಟುಕೊಂಡವನು ರಾಷ್ಟ್ರಮಟ್ಟದ ಸಂಘಕ್ಕೆ ಸೇರುವುದು ಲಾಭದಾಯಕವೇ, ಸೇರಿದರೆ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಚೆನ್ನೈ ಕರಾವಳಿಯನ್ನು ಕಣ್ಣಮುಂದೆ ಇಟ್ಟುಕೊಂಡು ವಿಚಾರ ಮಾಡುವುದು ಈ ಲೇಖನದ ಉದ್ದೇಶ. ದೋಣಿಯ ಒಡೆಯರಲ್ಲದಿದ್ದರೂ ರಜಾದಿನಗಳಲ್ಲಿ ಮಕ್ಕಳೊಡನೆ ಮುಟ್ಟುಕಾಡಿಗೋ ಪಿಚ್ಚಾವರಂಗೋ ಹೋಗಿ ದೋಣಿ ಏರುವ ವಾಚಕರಿಗೂ ಇದರಲ್ಲಿ ತಿಳಿಯತಕ್ಕ ಸಂಗತಿಗಳಿವೆ.

ದೋಣಿಗಳಲ್ಲಿ ಎರಡು ಬಗೆ

ಚೆನ್ನೈಯಲ್ಲಿ ವಿಹಾರಕ್ಕಾಗಿ ದೋಣಿ ನಡೆಸುವ ಅಭ್ಯಾಸ ಹಳೆಯದು. ಅಡಯಾರು ನದಿಯ ದಂಡೆಯ ಮೇಲಿರುವ ಮದ್ರಾಸ್ ಬೋಟ್ ಕ್ಲಬ್ 1867ರಲ್ಲಿ ಹುಟ್ಟಿತು. ಅದು ಹುಟ್ಟು ಹಾಕುವವರ ಕೂಟ. ಮದ್ರಾಸು ಬಂದರಿನ ಆಡಳಿತ ಮಂಡಲಿಯ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರು 1911ರಲ್ಲಿ ಸ್ಥಾಪಿಸಿದ ರಾಯಲ್ ಮದ್ರಾಸ್ ಯಾಟ್ ಕ್ಲಬ್ ಇಂದಿಗೂ ಬಂದರಿನ ಒಳಗೆಯೇ ನಡೆಯುತ್ತಿದ್ದು, ಅಲ್ಲಿ ಹಾಯಿದೋಣಿಗಳದೇ ಪ್ರಾಧಾನ್ಯ. ಸ್ವಂತ ವಿಹಾರಕ್ಕೆಂದು ಮೋಟಾರು ದೋಣಿ ಇಟ್ಟುಕೊಂಡವರ ಸಂಖ್ಯೆ ಇಲ್ಲಿ ತೀರ ಕಡಿಮೆ.

ಆದರೆ ಕಾಸಿಮೇಡಿನ ಮೀನುಗಾರಿಕಾ ಬಂದರಿಗೆ ಮುಂಜಾನೆ ಹೋಗಿ ನೋಡಿದವರಿಗೆ ಯಂತ್ರದೋಣಿಗಳ ನಿಜವಾದ ಒಡೆಯರು ಯಾರೆಂಬುದು ತಾನಾಗಿಯೇ ತಿಳಿಯುತ್ತದೆ. ಮರದ ದಿಮ್ಮಿಗಳನ್ನು ಹಗ್ಗದಿಂದ ಕಟ್ಟಿದ 'ಕಟ್ಟುಮರಂ' ಈ ಕರಾವಳಿಯ ಮೂಲ ವಾಹನ. ಇಂಗ್ಲಿಷಿನ 'ಕ್ಯಾಟಮರಾನ್' ಎಂಬ ಶಬ್ದ ಹುಟ್ಟಿದ್ದು ಇದೇ ತಮಿಳು ಪದದಿಂದ. ಸ್ವಾತಂತ್ರ್ಯಾನಂತರ 1952ರ ಒಪ್ಪಂದದಂತೆ ಕೇರಳದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯು ಮೀನುಗಾರರ ದೋಣಿಗೆ ಯಂತ್ರ ಜೋಡಿಸುವ ಕಾರ್ಯಕ್ಕೆ ನಾಂದಿ ಹಾಡಿತು. ಕಾಲಕ್ರಮದಲ್ಲಿ ದೊಡ್ಡ ಟ್ರಾಲ್ ದೋಣಿಗಳು ಬಂದವು. 2004ರ ಡಿಸೆಂಬರ್ 26ರ ಸುನಾಮಿಯ ನಂತರವಂತೂ ಕೋರಮಂಡಲ ತೀರದುದ್ದಕ್ಕೂ ಕಟ್ಟುಮರಗಳ ಸ್ಥಾನದಲ್ಲಿ ಫೈಬರ್ ದೋಣಿಗಳೂ ಅವುಗಳ ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಯಂತ್ರಗಳೂ ಬಹುಸಂಖ್ಯೆಯಲ್ಲಿ ಬಳಕೆಗೆ ಬಂದವು. ಮಲ್ಪೆ, ಗಂಗೊಳ್ಳಿ, ಕಾರವಾರಗಳ ಕಡೆಯಿಂದ ಬಂದವರಿಗೆ ಈ ದೃಶ್ಯ ಅಪರಿಚಿತವಲ್ಲ. ಅಲ್ಲಿಯ ನಾಡದೋಣಿಯೂ ಇಲ್ಲಿಯ ಫೈಬರ್ ದೋಣಿಯೂ ಒಂದೇ ಕುಲದವು.

ಹೀಗಾಗಿ 'ಸಂಘಕ್ಕೆ ಸೇರಬೇಕೆ?' ಎಂಬ ಪ್ರಶ್ನೆಗೆ ವಿಹಾರದ ದೋಣಿಯವನಿಗೆ ಒಂದು ಉತ್ತರ, ದುಡಿಮೆಯ ದೋಣಿಯವನಿಗೆ ಇನ್ನೊಂದು ಉತ್ತರ.

ಹೊರದೇಶಗಳ ಪದ್ಧತಿ

ಅಮೆರಿಕದಲ್ಲಿ ಮೋಟಾರು ದೋಣಿ ಮಧ್ಯಮವರ್ಗದ ಕುಟುಂಬಗಳಲ್ಲಿಯೂ ಉಂಟು. ಅಲ್ಲಿ 1966ರಲ್ಲಿ ಸ್ಥಾಪಿತವಾದ 'ಬೋಟ್ ಯು.ಎಸ್.' ಎಂಬ ಸಂಘದ ಮುಖ್ಯ ಆಕರ್ಷಣೆಯೆಂದರೆ, ಯಂತ್ರ ಕೆಟ್ಟು ನಡುನೀರಿನಲ್ಲಿ ನಿಂತ ದೋಣಿಯನ್ನು ದಡಕ್ಕೆ ಎಳೆದು ತರುವ ಸೇವೆ. ಪ್ರಾಣಾಪಾಯವಿಲ್ಲದ ಸಂದರ್ಭಗಳಲ್ಲಿ ದೋಣಿ ಎಳೆಯುವ ಕೆಲಸವನ್ನು ಅಲ್ಲಿಯ ಕರಾವಳಿ ರಕ್ಷಣಾ ಪಡೆಯು 1980ರ ದಶಕದಿಂದ ಬಹುಮಟ್ಟಿಗೆ ಖಾಸಗಿಯವರಿಗೆ ಬಿಟ್ಟುಕೊಟ್ಟಿದೆ. ಖಾಸಗಿಯವರು ಗಂಟೆಯ ಲೆಕ್ಕದಲ್ಲಿ ನೂರಾರು ಡಾಲರುಗಳನ್ನು ಕೇಳುತ್ತಾರೆ. ಆದುದರಿಂದ ಅಲ್ಲಿಯ ಸದಸ್ಯತ್ವವು ಒಂದು ರೀತಿಯ ವಿಮೆಯೇ ಸರಿ. ಹಾಗೆಂದು ಕಣ್ಣುಮುಚ್ಚಿ ಸೇರತಕ್ಕದ್ದೂ ಅಲ್ಲ. ಮೂಲ ಚಂದಾಕ್ಕೆ ದೊರೆಯುವ ನೆರವು ಅಲ್ಪ. ಪೂರ್ಣಸೇವೆ ಬೇಕಾದವರು ಹೆಚ್ಚು ಹಣ ತೆರಬೇಕು. ಕೆಟ್ಟು ನಿಂತ ದೋಣಿಯನ್ನು ಎಳೆಯುವುದು ಒಂದು ಬಗೆಯ ಕೆಲಸವಾದರೆ, ಬಂಡೆಗೇರಿದ ಅಥವಾ ಮುಳುಗುತ್ತಿರುವ ದೋಣಿಯನ್ನು ಉಳಿಸುವುದು ಬೇರೆಯೇ ಬಗೆಯ ಕೆಲಸವೆಂದೂ ಅದರ ದರ ಬೇರೆಯೆಂದೂ ತಿಳಿಯದೆ ತೊಂದರೆಗೀಡಾದವರುಂಟು.

ಬ್ರಿಟನ್ನಿನಲ್ಲಿ 1875ರಷ್ಟು ಹಿಂದೆಯೇ ಹುಟ್ಟಿದ ರಾಯಲ್ ಯಾಟಿಂಗ್ ಅಸೋಸಿಯೇಷನ್ನಿನ ಹಿರಿಮೆ ಇರುವುದು ತರಬೇತಿಯಲ್ಲಿ. ಅದು ನೀಡುವ ಪ್ರಮಾಣಪತ್ರಗಳಿಗೆ ಅನೇಕ ದೇಶಗಳಲ್ಲಿ ಮನ್ನಣೆಯುಂಟು. ಅಲ್ಲಿ ಸಮುದ್ರದ ಆಪತ್ತಿನಲ್ಲಿ ನೆರವಿಗೆ ಧಾವಿಸುವ ಜೀವರಕ್ಷಕ ದೋಣಿಗಳ ಸಂಸ್ಥೆಯೇ ಬೇರೆ. ಅದು 1824ರಿಂದ ಸ್ವಯಂಸೇವಕರಿಂದಲೂ ದಾನಿಗಳ ಹಣದಿಂದಲೂ ನಡೆಯುತ್ತಿದ್ದು, ಪ್ರಾಣ ಉಳಿಸಿದ್ದಕ್ಕೆ ಯಾರಿಂದಲೂ ಶುಲ್ಕ ಪಡೆಯುವುದಿಲ್ಲ. ಸಂಘದ ಹೆಸರು ಎಷ್ಟು ದೊಡ್ಡದೆಂಬುದರಿಂದ ಸದಸ್ಯತ್ವದ ಬೆಲೆ ನಿರ್ಧಾರವಾಗುವುದಿಲ್ಲವೆಂಬುದು ಈ ಎರಡು ಉದಾಹರಣೆಗಳಿಂದ ಸ್ಪಷ್ಟವಾಗುತ್ತದೆ. ಬೇರೆಲ್ಲಿಯೂ ಸಿಗದ ಯಾವ ನೆರವು ಅಲ್ಲಿ ಸಿಗುತ್ತದೆ ಎಂಬುದನ್ನೇ ಮೊದಲು ಕೇಳಬೇಕು.

ನಮ್ಮ ರಾಷ್ಟ್ರೀಯ ಸಂಸ್ಥೆ

ಭಾರತದಲ್ಲಿ ಈ ಕ್ಷೇತ್ರದ ರಾಷ್ಟ್ರೀಯ ಸಂಸ್ಥೆ 1960ರಲ್ಲಿ ಸ್ಥಾಪಿತವಾದ ಯಾಟಿಂಗ್ ಅಸೋಸಿಯೇಷನ್ ಆಫ್ ಇಂಡಿಯಾ. ಹಾಯಿದೋಣಿ, ವಿಂಡ್‌ಸರ್ಫಿಂಗ್, ಮೋಟಾರು ದೋಣಿ ಇವೆಲ್ಲವೂ ಅದರ ವ್ಯಾಪ್ತಿಗೆ ಸೇರಿವೆ. ಸ್ಪರ್ಧೆಗಳನ್ನು ಏರ್ಪಡಿಸುವುದು, ಏಷ್ಯಾಡ್ ಮೊದಲಾದ ಕ್ರೀಡಾಕೂಟಗಳಿಗೆ ತಂಡ ಕಳುಹಿಸುವುದು, ತರಬೇತಿಗೆ ಮಟ್ಟ ಗೊತ್ತುಪಡಿಸಿ ಪ್ರಮಾಣಪತ್ರ ನೀಡುವುದು ಇದರ ಕಾರ್ಯಗಳು. ಯಂತ್ರದೋಣಿ ನಡೆಸುವವರಿಗೂ ಅದರ ಶಿಕ್ಷಣಕ್ರಮವುಂಟು.

ಇದು ಕ್ರೀಡಾಸಂಸ್ಥೆಯೇ ಹೊರತು ಕೆಟ್ಟ ದೋಣಿಯನ್ನು ಎಳೆದು ತರುವ ಸೇವಾಸಂಸ್ಥೆಯಲ್ಲ. ಆದುದರಿಂದ ದೋಣಿಯನ್ನು ಕೇವಲ ಪ್ರತಿಷ್ಠೆಗಾಗಿ ಇಟ್ಟುಕೊಂಡು, ವರ್ಷಕ್ಕೆರಡು ಬಾರಿ ನೀರಿಗಿಳಿಸುವವನಿಗೆ ಇಂತಹ ಸದಸ್ಯತ್ವದಿಂದ ಗೋಡೆಗೆ ತೂಗುಹಾಕಲು ಒಂದು ಚೌಕಟ್ಟು ದೊರೆತೀತೇ ವಿನಾ ಬೇರೆ ಲಾಭ ಕಾಣದು. ವಿದ್ಯೆಯ ಹಸಿವುಳ್ಳವನಿಗಾದರೋ ಲಾಭವುಂಟು. ಸ್ಥಳೀಯ ಕ್ಲಬ್ಬಿನ ಮೂಲಕ ತರಬೇತಿ ಪಡೆದು, ಗಾಳಿಯ ಗತಿ, ಅಲೆಯ ಸ್ವಭಾವ, ಎದುರು ಬರುವ ನೌಕೆಗೆ ದಾರಿ ಬಿಡುವ ನಿಯಮ, ಇಂಧನದ ಲೆಕ್ಕ ಇವುಗಳನ್ನು ಅನುಭವಿಗಳಿಂದ ಕಲಿಯಬಹುದು. ಮದ್ರಾಸಿನ ತೀರದಲ್ಲಿ ದಡದ ಬಳಿಯೇ ಒಡೆಯುವ ಅಲೆಗಳೂ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಾರುತದ ಕಾಲದ ಚಂಡಮಾರುತಗಳೂ ಸಾಮಾನ್ಯವಾದುದರಿಂದ, ಕೊಳದಲ್ಲಿ ದೋಣಿ ನಡೆಸಿ ಕಲಿತ ವಿದ್ಯೆ ಇಲ್ಲಿ ಸಾಲದು.

ಆಪತ್ಕಾಲದಲ್ಲಿ ಬರುವವರು ಯಾರು?

ಸಂಘಕ್ಕೆ ಸೇರದಿದ್ದರೆ ಆಪತ್ತಿನಲ್ಲಿ ಯಾರೂ ಬರಲಾರರೆಂಬ ಭಯ ನಮ್ಮ ದೇಶದ ಮಟ್ಟಿಗೆ ನಿರಾಧಾರವಾದುದು. 1977ರಲ್ಲಿ ಆರಂಭವಾಗಿ 1978ರ ಶಾಸನದಿಂದ ಭದ್ರವಾದ ಭಾರತೀಯ ತಟರಕ್ಷಕ ಪಡೆಯೇ ಸಮುದ್ರದಲ್ಲಿ ಶೋಧನೆ ಮತ್ತು ರಕ್ಷಣೆಯ ಹೊಣೆ ಹೊತ್ತಿದೆ. ಅದರ ರಕ್ಷಣಾ ಸಮನ್ವಯ ಕೇಂದ್ರಗಳು ಮುಂಬಯಿ, ಚೆನ್ನೈ, ಪೋರ್ಟ್ ಬ್ಲೇರ್‌ಗಳಲ್ಲಿವೆ. 1554 ಎಂಬ ದೂರವಾಣಿ ಸಂಖ್ಯೆಯೂ ವಿ.ಎಚ್.ಎಫ್. ರೇಡಿಯೋದ 16ನೆಯ ಚಾನೆಲ್ಲೂ ಎಲ್ಲರಿಗೂ ತೆರೆದಿವೆ. ಕರೆಯುವವನು ಯಾವ ಸಂಘದ ಸದಸ್ಯನೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಇದಕ್ಕೂ ಹಳೆಯದಾದ ರಕ್ಷಣಾಪಡೆ ಇನ್ನೊಂದಿದೆ. ಕೋರಮಂಡಲ ತೀರದ ಮೀನುಗಾರರ ಊರ ಪಂಚಾಯತಿಗಳೂ ಕರ್ನಾಟಕ ಕರಾವಳಿಯ ಮೊಗವೀರರ ಗುರಿಕಾರರೂ ಗ್ರಾಮಸಭೆಗಳೂ ಯಾವ ನೋಂದಣಿಯೂ ಇಲ್ಲದ ಕಾಲದಿಂದ ನಡೆದುಬಂದ ಸಂಘಗಳೇ ಆಗಿವೆ. ಒಂದು ದೋಣಿ ಹೊತ್ತಿಗೆ ಮರಳದಿದ್ದರೆ ನೆರೆಯ ದೋಣಿಗಳು ಹುಡುಕಲು ಹೊರಡುವುದು ಕಡಲಿನ ಅಲಿಖಿತ ಧರ್ಮ. ಊರಿನ ಹತ್ತಾರು ಮಂದಿ ಒಟ್ಟಾಗಿ ದಡಕ್ಕೆ ಎಳೆಯುತ್ತಿದ್ದ ರಂಪಣಿ ಬಲೆಯು, ದುಡಿಮೆಯಲ್ಲಿಯೂ ಪಾಲಿನಲ್ಲಿಯೂ ಸಂಘಜೀವನವನ್ನೇ ಕಲಿಸಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಯಂತ್ರದ ಪರ್ಸೀನ್ ಬಲೆಗಳು ಬಂದು ರಂಪಣಿ ಹಿನ್ನೆಲೆಗೆ ಸರಿದಾಗ ಆ ಒಗ್ಗಟ್ಟಿನ ಬೇರೆ ರೂಪಗಳನ್ನು ಹುಡುಕಬೇಕಾಯಿತು.

ಯಾದಿಯಲ್ಲಿ ಹೆಸರಿರುವುದರ ಬೆಲೆ

ಹಾಗಾದರೆ ಸಹಕಾರ ಸಂಘದ ಸದಸ್ಯತ್ವದಿಂದ ದುಡಿಯುವ ದೋಣಿಗಾರನಿಗೆ ಆಗುವ ಪ್ರಯೋಜನವೇನು? ಅದು ಹೆಚ್ಚಾಗಿ ಅವನು ದಡದಲ್ಲಿರುವಾಗ, ಇಲ್ಲವೇ ಅವನು ದಡಕ್ಕೆ ಬಾರದೆ ಹೋದಾಗ ತಿಳಿಯುವಂಥದು.

ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ, ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಮೀನಿನ ಸಂತಾನಾಭಿವೃದ್ಧಿಗಾಗಿ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುತ್ತದೆ. ದುಡಿಮೆ ನಿಂತ ತಿಂಗಳುಗಳಿಗಾಗಿ ಉಳಿತಾಯ-ಪರಿಹಾರ ಯೋಜನೆಯೊಂದು ಇದೆ. ಅದರಂತೆ ಮೀನುಗಾರನು 1,500 ರೂಪಾಯಿ ಕೂಡಿಟ್ಟರೆ ಸರಕಾರಗಳು 3,000 ಸೇರಿಸಿ ಒಟ್ಟು 4,500 ರೂಪಾಯಿಗಳನ್ನು ಹಿಂದಿರುಗಿಸುತ್ತವೆ. ಇಂತಹ ಸೌಲಭ್ಯಗಳಿಗೆ ಸಾಮಾನ್ಯವಾಗಿ ದಾರಿಯಾಗುವುದು ಊರಿನ ಮೀನುಗಾರರ ಸಹಕಾರ ಸಂಘದ ಸದಸ್ಯರ ಯಾದಿಯೇ.

ಇದಕ್ಕಿಂತಲೂ ಮುಖ್ಯವಾದುದು ಅಪಘಾತ ವಿಮೆ. 1980ರಲ್ಲಿ ನೋಂದಣಿಯಾದ ಮೀನುಗಾರರ ಸಹಕಾರ ಸಂಘಗಳ ರಾಷ್ಟ್ರೀಯ ಮಹಾಮಂಡಲ, ಅಂದರೆ 'ಫಿಶ್‌ಕೋಪ್‌ಫೆಡ್', ಮೀನುಗಾರರ ಸಾಮೂಹಿಕ ಅಪಘಾತ ವಿಮೆಯನ್ನು ದೀರ್ಘಕಾಲ ನಡೆಸಿಕೊಂಡು ಬಂದಿತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯಸಂಪದಾ ಯೋಜನೆಯಲ್ಲಿ ಈ ವಿಮೆಯ ಮೊತ್ತವನ್ನು ಮರಣಕ್ಕೂ ಶಾಶ್ವತ ಪೂರ್ಣ ಅಂಗವಿಕಲತೆಗೂ 5 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವಿಕಲತೆಗೆ 2.5 ಲಕ್ಷ, ಆಸ್ಪತ್ರೆಯ ವೆಚ್ಚಕ್ಕೆ 25,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಕಂತಿನ ಹಣವನ್ನು ಸರಕಾರಗಳೇ ಭರಿಸುವುದರಿಂದ ಮೀನುಗಾರನು ಒಂದು ಕಾಸನ್ನೂ ಕೊಡಬೇಕಾಗಿಲ್ಲ. ಅವನು ಮಾಡಬೇಕಾದುದು ಇಷ್ಟೇ: ಯಾದಿಯಲ್ಲಿ ತನ್ನ ಹೆಸರಿದೆಯೇ, ವಾರಸುದಾರರ ಹೆಸರು ಸರಿಯಾಗಿದೆಯೇ ಎಂದು ನೋಡಿಕೊಳ್ಳುವುದು. 'ನಾಳೆ ನೋಡೋಣ' ಎಂದು ಮುಂದೂಡಿದವನ ದೋಣಿ ಮಗುಚಿದರೆ, ಆ ಉದಾಸೀನದ ಸಾಲವನ್ನು ತೀರಿಸಬೇಕಾದವಳು ಅವನ ಹೆಂಡತಿ.

ಮರಳಿ ಬಾರದ ದೋಣಿ

2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎಂಬ ದೋಣಿ ಏಳು ಮಂದಿ ಮೀನುಗಾರರೊಡನೆ ಕಾಣೆಯಾದ ಸಂಗತಿಯನ್ನು ಕನ್ನಡಿಗರು ಮರೆತಿರಲಾರರು. ಮರುತಿಂಗಳು ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗಿಳಿದು, ಶೋಧನೆಯನ್ನು ತೀವ್ರಗೊಳಿಸಬೇಕೆಂದು ಒತ್ತಾಯಿಸಿದರು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದಾಚೆಯ ಕಡಲಿನಲ್ಲಿ ನೌಕಾಪಡೆಯ ಹಡಗು ದೋಣಿಯ ಅವಶೇಷವನ್ನು ಪತ್ತೆ ಮಾಡಿತು. ಏಳು ಮಂದಿ ಮಾತ್ರ ಮನೆಗೆ ಮರಳಲಿಲ್ಲ.

ದೇಹ ದೊರೆಯದ ಇಂತಹ ಸಂದರ್ಭಗಳಲ್ಲಿ ಕುಟುಂಬದವರ ದುಃಖಕ್ಕೆ ಕಾನೂನಿನ ತೊಡಕೂ ಸೇರಿಕೊಳ್ಳುತ್ತದೆ. ಏಳು ವರ್ಷ ಸುದ್ದಿಯೇ ಇಲ್ಲದವನನ್ನು ಮೃತನೆಂದು ಭಾವಿಸಬಹುದೆಂಬುದು ಸಾಕ್ಷ್ಯ ಶಾಸನದ ಸಾಮಾನ್ಯ ನಿಯಮ. ಅಲ್ಲಿಯವರೆಗೆ ಮರಣಪತ್ರವಿಲ್ಲ, ಮರಣಪತ್ರವಿಲ್ಲದೆ ವಿಮೆಯ ಹಣವಿಲ್ಲ. 2004ರ ಸುನಾಮಿಯ ನಂತರವೂ 2017ರ ಓಖಿ ಚಂಡಮಾರುತದ ನಂತರವೂ ಈ ಕ್ರಮವನ್ನು ವಿಶೇಷವಾಗಿ ಸಡಿಲಿಸಬೇಕಾಯಿತು. ಅಂತಹ ಸಡಿಲಿಕೆ ಒಬ್ಬ ವಿಧವೆಯ ಅರ್ಜಿಯಿಂದ ಆಗತಕ್ಕದ್ದಲ್ಲ. ಅವಳ ಪರವಾಗಿ ಕಚೇರಿಯ ಮೆಟ್ಟಿಲು ಹತ್ತುವ, ದಾಖಲೆ ಒದಗಿಸುವ, ಮಂತ್ರಿಗಳ ಮುಂದೆ ಧ್ವನಿ ಎತ್ತುವ ಸಂಘವಿರಬೇಕು. 1970ರ ದಶಕದ ಕೊನೆಯಲ್ಲಿ ಸಣ್ಣ ಮೀನುಗಾರರೆಲ್ಲ ಸೇರಿ ರಾಷ್ಟ್ರೀಯ ವೇದಿಕೆ ಕಟ್ಟಿಕೊಂಡುದರ ಫಲವಾಗಿಯೇ ಕರಾವಳಿಯ ರಾಜ್ಯಗಳಲ್ಲಿ ಸಮುದ್ರ ಮೀನುಗಾರಿಕಾ ನಿಯಂತ್ರಣ ಶಾಸನಗಳ ಬೇಡಿಕೆಗೆ ಬಲ ಬಂದಿತು. ತಮಿಳುನಾಡಿನ ಶಾಸನ 1983ರದು, ಕರ್ನಾಟಕದ್ದು 1986ರದು.

ಚೀಟಿ ತೇಲಿಸುವುದಿಲ್ಲ

ಸದಸ್ಯತ್ವದಿಂದ ಇಷ್ಟೆಲ್ಲ ದೊರೆತರೂ, ನೀರಿಗೆ ಬಿದ್ದವನನ್ನು ಸಂಘದ ಚೀಟಿ ತೇಲಿಸಲಾರದು. 2011ರ ಕ್ರಿಸ್‌ಮಸ್ ದಿನ ಚೆನ್ನೈಯ ಉತ್ತರಕ್ಕಿರುವ ಪುಲಿಕಾಟ್‌ನಲ್ಲಿ ವಿಹಾರಕ್ಕೆ ಹೋದವರ ದೋಣಿ ಮಗುಚಿ 22 ಮಂದಿ ಸತ್ತರು. 2019ರ ಜನವರಿ 21ರಂದು ಕಾರವಾರದ ಬಳಿ ಕೂರ್ಮಗಡದ ಜಾತ್ರೆಗೆ ಹೋಗಿದ್ದವರ ದೋಣಿ ಮುಳುಗಿ 16 ಮಂದಿ ಪ್ರಾಣ ಕಳೆದುಕೊಂಡರು. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು ಸತ್ತವರು 22 ಮಂದಿ. ಇವರಲ್ಲಿ ಎಷ್ಟೋ ಮಂದಿ ಮಕ್ಕಳು. ಆದುದರಿಂದ ದೋಣಿಯ ಒಡೆಯನೂ ದೋಣಿ ಏರುವ ಪ್ರಯಾಣಿಕನೂ ಕೆಲವು ಆರೋಗ್ಯ ನಿಯಮಗಳನ್ನು ತಿಳಿದಿರುವುದು ಅತ್ಯಗತ್ಯ.

ಮೊದಲನೆಯದಾಗಿ, ಜೀವರಕ್ಷಕ ಅಂಗಿಯನ್ನು ದಡದಲ್ಲಿಯೇ ತೊಟ್ಟು ಪಟ್ಟಿ ಬಿಗಿಯಬೇಕು. ದೋಣಿ ಮಗುಚುವಾಗ ಅದನ್ನು ಹುಡುಕಿ ತೊಡಲು ವೇಳೆ ಇರುವುದಿಲ್ಲ. ದೊಡ್ಡವರ ಅಂಗಿ ಮಗುವಿನ ಮೈಯಿಂದ ಜಾರಿಹೋಗುವುದರಿಂದ ಮಕ್ಕಳಿಗೆ ಅವರ ಅಳತೆಯದನ್ನೇ ಕೇಳಿ ಪಡೆಯಬೇಕು. ದೋಣಿಯಲ್ಲಿ ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ಜನರಿದ್ದರೆ, ಟಿಕೇಟಿನ ಹಣ ಹೋದರೂ ಸರಿ, ಇಳಿದುಬಿಡುವುದೇ ಜಾಣತನ. ಚಿತ್ರ ತೆಗೆಯಲು ಎಲ್ಲರೂ ಒಂದೇ ಬದಿಗೆ ಸರಿಯುವುದು ಅಪಾಯಕ್ಕೆ ಆಹ್ವಾನ.

ಎರಡನೆಯದಾಗಿ, ಯಂತ್ರದ ಅಪಾಯಗಳು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗಿ ಒಂದು ಕಿಡಿಗೆ ಸ್ಫೋಟಿಸಬಹುದು. ಯಂತ್ರದ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮುಚ್ಚಿದ ಕೋಣೆಯುಳ್ಳ ದೋಣಿಯಲ್ಲಿ ತಲೆನೋವು, ವಾಕರಿಕೆ, ಮಂಪರು ಕಂಡುಬಂದರೆ ಕೇವಲ ಸಮುದ್ರರೋಗವೆಂದು ತಳ್ಳಿಹಾಕದೆ ತಕ್ಷಣವೇ ತೆರೆದ ಗಾಳಿಗೆ ಬರಬೇಕು. ಚುಕ್ಕಾಣಿ ಹಿಡಿದವನು ಮದ್ಯ ಸೇವಿಸಕೂಡದು. ಬಿಸಿಲಿನಲ್ಲಿ ಗಂಟೆಗಟ್ಟಲೆ ಇರುವವರಿಗೆ ಕುಡಿಯುವ ನೀರು ಧಾರಾಳವಾಗಿರಬೇಕು. ಸಮುದ್ರದ ನೀರನ್ನು ಕುಡಿದರೆ ದೇಹ ಇನ್ನಷ್ಟು ಒಣಗುತ್ತದೆ.

ಮೂರನೆಯದಾಗಿ, ಮುಳುಗುತ್ತಿರುವವನಿಗೆ ಹಗ್ಗ, ಬಿದಿರು, ಮುಚ್ಚಿದ ಖಾಲಿ ಡಬ್ಬ, ಏನು ಸಿಕ್ಕಿದರೂ ಎಸೆಯಬೇಕು. ತರಬೇತಿ ಇಲ್ಲದವರು ಹಾರಿದರೆ ಒಬ್ಬನ ಬದಲು ಇಬ್ಬರು ಮುಳುಗುವ ಸಂಭವವೇ ಹೆಚ್ಚು. ಮೇಲೆತ್ತಿದವನ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ತೂಗುವುದು ಇವು ಹಳೆಯ ತಪ್ಪು ಕ್ರಮಗಳು. ಇವುಗಳಿಂದ ವಾಂತಿ ಶ್ವಾಸಕೋಶಕ್ಕೆ ಸೇರಿ ಪ್ರಾಣಕ್ಕೆ ಕುತ್ತಾಗಬಹುದು. ಉಸಿರಾಟ ನಿಂತಿದ್ದರೆ ಅವನ ಮೂಗನ್ನು ಹಿಡಿದು ಮೊದಲು ಬಾಯಿಂದ ಬಾಯಿಗೆ ಕೆಲವು ಬಾರಿ ಉಸಿರು ಊದಬೇಕು. ಆಮೇಲೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತುವುದು, 2 ಬಾರಿ ಉಸಿರು ಊದುವುದು, ಹೀಗೆ ವೈದ್ಯಕೀಯ ನೆರವು ಬರುವವರೆಗೆ ಬಿಡದೆ ಮುಂದುವರಿಸಬೇಕು. ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗುವುದರಿಂದ ಆಂಬುಲೆನ್ಸಿನ ದಾರಿ ಕಾಯುತ್ತ ಕುಳಿತಿರಬಾರದು. ಒಬ್ಬರು 108ಕ್ಕೆ ಕರೆ ಮಾಡುತ್ತಿರುವಾಗಲೇ ಇನ್ನೊಬ್ಬರು ಆರಂಭಿಸಬೇಕು. ನೀರು ಕುಡಿದು ಬದುಕಿ ಎದ್ದು ಕುಳಿತವನನ್ನೂ ಆಸ್ಪತ್ರೆಗೆ ಕರೆದೊಯ್ಯುವುದು ಲೇಸು. ಕೆಲವು ಗಂಟೆಗಳ ನಂತರ ಉಸಿರಾಟದ ತೊಂದರೆ ಕಾಣಿಸಿಕೊಳ್ಳಬಹುದು.

ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಮೇಲಿನ ವಿಚಾರಗಳನ್ನೆಲ್ಲ ಕ್ರೋಡೀಕರಿಸಿದರೆ, ಯಾವುದೇ ದೋಣಿಗಾರರ ಸಂಘಕ್ಕೆ ಸೇರುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತೆಂದು ಕಾಣುತ್ತದೆ. ಈ ಸಂಘ ಏನನ್ನಾದರೂ ಕಲಿಸುತ್ತದೆಯೇ? ದೋಣಿ ಕೆಟ್ಟಾಗ ಬರುತ್ತದೆಯೇ, ಬಂದರೆ ಯಾವ ಷರತ್ತಿನ ಮೇಲೆ? ಅಪಘಾತವಾದರೆ ಕುಟುಂಬಕ್ಕೆ ಏನು ದೊರೆಯುತ್ತದೆ, ಅದನ್ನು ದೊರಕಿಸಿಕೊಡುವವರು ಯಾರು? ಸರಕಾರದ ಮುಂದೆ ತನ್ನವರ ಪರವಾಗಿ ಮಾತನಾಡುತ್ತದೆಯೇ? ನಾಲ್ಕಕ್ಕೂ 'ಇಲ್ಲ' ಎಂಬ ಉತ್ತರ ಬಂದರೆ ಆ ಚಂದಾಹಣದಿಂದ ಒಂದೆರಡು ಒಳ್ಳೆಯ ಜೀವರಕ್ಷಕ ಅಂಗಿಗಳನ್ನು ಕೊಳ್ಳುವುದೇ ಮೇಲು.

ಈ ದೃಷ್ಟಿಯಿಂದ ನೋಡಿದಾಗ, ಚೆನ್ನೈಯಲ್ಲಿ ವಿಹಾರದೋಣಿ ಇಟ್ಟುಕೊಂಡವನಿಗೆ ರಾಷ್ಟ್ರೀಯ ಸಂಸ್ಥೆಗಿಂತಲೂ ಮೊದಲು ಬೇಕಾದುದು ತರಬೇತಿ ನೀಡುವ ಸ್ಥಳೀಯ ಕ್ಲಬ್ಬು, ದೋಣಿಯ ನೋಂದಣಿ ಮತ್ತು ವಿಮೆ. ಒಳನಾಡಿನ ನೀರಿನಲ್ಲಿ ಸಂಚರಿಸುವ ಯಂತ್ರನೌಕೆಗಳಿಗೆ 2021ರ ಶಾಸನವು ನೋಂದಣಿ, ತಪಾಸಣೆ, ವಿಮೆಗಳನ್ನು ವಿಧಿಸಿದೆ. ಕಾಸಿಮೇಡಿನ ಅಥವಾ ಮಲ್ಪೆಯ ದುಡಿಯುವ ದೋಣಿಗಾರನಿಗಾದರೋ ಸಹಕಾರ ಸಂಘದ ಸದಸ್ಯತ್ವ ಐಚ್ಛಿಕವಾದ ಅಲಂಕಾರವಲ್ಲ, ಬಲೆ ಹಗ್ಗಗಳಷ್ಟೇ ಆವಶ್ಯಕವಾದ ಸಾಮಗ್ರಿ. ಊರಿನಲ್ಲಿ ಕಡಲಿಗಿಳಿಯುವ ಬಂಧುಗಳೋ ಪರಿಚಿತರೋ ಇರುವ ವಾಚಕರು ಈ ಸಲ ರಜೆಗೆ ಹೋದಾಗ, ಯಾದಿಯಲ್ಲಿ ಅವರ ಹೆಸರಿದೆಯೇ ಎಂದು ಒಮ್ಮೆ ವಿಚಾರಿಸುವುದು ದೊಡ್ಡ ಉಪಕಾರವಾದೀತು.

ಸಂಘವೆಂಬುದು ಅಪರಿಚಿತರು ಒಬ್ಬರಿಗೊಬ್ಬರು ಕೊಟ್ಟುಕೊಂಡ ಭರವಸೆ. ಅದರ ಬೆಲೆ ಸುಖದ ದಿನಗಳಲ್ಲಿ ಚಂದಾ ಪುಸ್ತಕದಲ್ಲಿ ಕಾಣಿಸದಿದ್ದರೂ, ಕಷ್ಟದ ರಾತ್ರಿಯಲ್ಲಿ ಎಷ್ಟು ದೋಣಿಗಳು ಹುಡುಕಲು ಹೊರಟವು ಎಂಬುದರಲ್ಲಿ ಕಾಣುತ್ತದೆ.